ನಾಲ್ಕನೇ ಹಾಸಿಗೆಯ ಪಕ್ಕದ ನೆಲ

ಚಿಕ್ಕತಾಯಮ್ಮನವರ ಅಡುಗೆಮನೆಗೆ ಇಳಿಯಲು ಒಂಬತ್ತು ಮೆಟ್ಟಿಲುಗಳಿವೆ. ಅಷ್ಟು ಆಳದ ಅಡುಗೆಮನೆ ನಮ್ಮ ಊರಿನಲ್ಲಿ ಇನ್ನೊಂದಿಲ್ಲ. ಮದುವೆಯಿರಲಿ, ತಿಥಿಯಿರಲಿ, ಆಕೆ ಅಲ್ಲಿ ನಿಂತೇ ಇಡೀ ಬೀದಿಗಾಗುವಷ್ಟು ಬೇಯಿಸುತ್ತಿದ್ದರು. ಅನ್ನದ ಹಂಡೆಗಳನ್ನು ಹಗ್ಗ ಕಟ್ಟಿ ಮೇಲಕ್ಕೆಳೆಯಲು ಇಬ್ಬರು ಆಳುಗಳಿದ್ದರು. ಉಸಿರು ಸಿಕ್ಕಿಕೊಂಡು ಕುಸಿದುಬಿದ್ದ ದಿನ ಅವರನ್ನು ಮೇಲೆ ತಂದದ್ದೂ ಅದೇ ಹಗ್ಗದಲ್ಲಿ. ಹಾಗೆ ಬಂದವರನ್ನು ನಮ್ಮ ಐಸಿಯುವಿನ ನಾಲ್ಕನೇ ಹಾಸಿಗೆಯಲ್ಲಿ ಮಲಗಿಸಿದೆವು. ಆ ಐಸಿಯುವಿನ ಹಗಲು ಪಾಳಿಗೆ ನಾನು ಹಿರಿಯ ನರ್ಸ್. ಹೆಸರು ವಾರಿಜಾ.

ಕೆಲಸ ನಡೆದ ಕಡೆ ನೆಲ ಇಳಿಯುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಚಪ್ಪಲಿ ಹೊಲಿಯುವವನ ಅಂಗಡಿಯಲ್ಲಿ ರಸ್ತೆಯಿಂದ ಕಾಣುವುದು ಅವನ ತಲೆ ಮಾತ್ರ. ಕ್ಷೌರದವರು ವರ್ಷಕ್ಕೊಮ್ಮೆ ಕುರ್ಚಿಯ ಜಾಗ ಬದಲಿಸುತ್ತಾರೆ. ಶಾಲೆಯಲ್ಲಿ ಯಾವ ಮೇಷ್ಟ್ರ ತರಗತಿಯಲ್ಲಿ ಬೋರ್ಡಿನ ಮುಂದೆ ತಗ್ಗಿದೆ, ಯಾರ ತರಗತಿಯಲ್ಲಿ ಇಲ್ಲ ಎಂಬುದು ಮಕ್ಕಳಿಗೂ ಗೊತ್ತು, ಅವರ ಅಪ್ಪ ಅಮ್ಮಂದಿರಿಗೂ ಗೊತ್ತು. ಸುಮ್ಮನೆ ನಿಂತರೆ ನೆಲ ಜಗ್ಗುವುದಿಲ್ಲ. ನಮ್ಮ ಆಸ್ಪತ್ರೆಯ ಗೇಟಿನ ಕಾವಲುಗಾರ ಎಂಟು ವರ್ಷದಿಂದ ಒಂದೇ ಜಾಗದಲ್ಲಿ ನಿಂತಿದ್ದಾನೆ, ಅಲ್ಲಿ ನೆಲ ಗೋಲಿ ಉರುಳಿಸುವಷ್ಟು ಸಮವಾಗಿದೆ. ಆದರೆ ರೋಗಿಯ ಉಸಿರನ್ನು ನೋಡುತ್ತಾ ನಿಂತ ನರ್ಸಿನ ಕಾಲಡಿಯಲ್ಲಿ ನೆಲ ಇಳಿಯುತ್ತದೆ. ಅವಳು ಕೈ ಆಡಿಸದಿದ್ದರೂ ಇಳಿಯುತ್ತದೆ.

ಹಾಗಾಗಿ ಐಸಿಯುವಿನಲ್ಲಿ ಹಾಸಿಗೆಗಳು ದಿಣ್ಣೆಯ ಮೇಲೆ ಕುಳಿತಂತೆ ಕಾಣುತ್ತವೆ, ಸುತ್ತ ಕಾಲುವೆಯಂತೆ ತಗ್ಗು. ತಗ್ಗಿನಲ್ಲಿ ನಿಂತು ಮೇಲಿರುವ ರೋಗಿಯ ಕಡೆ ಕೈ ಚಾಚಿ ಕೆಲಸ ಮಾಡಬೇಕು. ಸಂಜೆಯ ಹೊತ್ತಿಗೆ ಭುಜ ಕಳಚಿಬೀಳುವಂತಿರುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಮೇಸ್ತ್ರಿ ಬಂದು ಟೈಲ್ಸ್ ಎತ್ತಿ, ತೊಳೆದ ಮರಳು ತುಂಬಿ, ಮತ್ತೆ ಕೂರಿಸಿಕೊಟ್ಟು ಹೋಗುತ್ತಾನೆ.

ಮೊದಲು ನಮಗೆ ನರ್ಸುಗಳನ್ನು ಕೊಡುತ್ತಿದ್ದದ್ದು ಹಾಸಿಗೆ ಎಣಿಸಿ. ನಾಲ್ಕು ಹಾಸಿಗೆ, ಹಗಲಿಗೆ ಮೂವರು: ನಾನು, ಪ್ರಿಸಿಲ್ಲಾ, ಹಸೀನಾ. ಹಾಸಿಗೆಯ ಮೇಲೆ ಇರುವವರು ನಾಳೆ ವಾರ್ಡಿಗೆ ಹೋಗುವವರೋ, ಗಳಿಗೆಗೊಮ್ಮೆ ನಾಡಿ ತಪ್ಪುವವರೋ ಎಂದು ಯಾರೂ ಕೇಳುತ್ತಿರಲಿಲ್ಲ. ಇನ್ನು ಮುಂದೆ ನೆಲದ ಆಳ ಅಳೆದು ಎಷ್ಟು ನರ್ಸು ಬೇಕೆಂದು ನಿರ್ಧರಿಸುತ್ತೇವೆ ಎಂದು ಆಡಳಿತ ಸಮಿತಿಯವರು ಹೇಳಿದಾಗ ನನಗೆ ಸರಿ ಎನಿಸಿತು. ಈಗಲೂ ಅದರ ಹಿಂದಿನ ಯೋಚನೆ ತಪ್ಪು ಎಂದು ನಾನು ಹೇಳುವುದಿಲ್ಲ. ನೆಲ ಸುಳ್ಳು ಹೇಳುವುದಿಲ್ಲ, ನಾಲ್ಕನೆಯ ನರ್ಸೂ ಸಿಗಬಹುದು ಎಂದುಕೊಂಡೆವು.

ಅಳತೆ ಕಚೇರಿಯಿಂದ ಆರಾಧ್ಯರು ಬರುವ ದಿನ ಗೊತ್ತಾಯಿತು. ನಮ್ಮ ಊರಿನ ಒಂದು ಪದ್ಧತಿ ಇಲ್ಲಿ ಹೇಳಬೇಕು. ಮನೆಗೆ ದೊಡ್ಡವರು ಬರುತ್ತಾರೆಂದರೆ ಹಿಂದಿನ ದಿನವೇ ನೆಲ ತುಂಬಿಸುತ್ತಾರೆ. ಬಂದವರನ್ನು ತಗ್ಗಿಗೆ ಇಳಿಸುವುದು ಮರ್ಯಾದೆಯಲ್ಲ. ತನ್ನ ದುಡಿಮೆಯ ಗುಂಡಿಯನ್ನು ಎಲ್ಲರಿಗೂ ಕಾಣುವಂತೆ ಬಿಟ್ಟುಕೊಂಡವರಿಗೆ ಜಂಬ ಎನ್ನುತ್ತಾರೆ. ಚಿಕ್ಕತಾಯಮ್ಮನವರೊಬ್ಬರೇ ಈ ಪದ್ಧತಿಗೆ ಹೊರತು. ‘ತುಂಬ್ಸೋಕೆ ಪುರುಸೊತ್ತಿಲ್ಲವ್ವ’ ಎನ್ನುತ್ತಿದ್ದರಂತೆ. ನಾವು ಮಾತ್ರ ಮೇಸ್ತ್ರಿಯನ್ನು ಕರೆಸಿದೆವು. ಮೂವರೂ ಮರಳಿನ ಬುಟ್ಟಿ ಹಿಡಿದೆವು. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ಬಳಿದೆವು. ಹಸೀನಾ ಮಂಡಿಯೂರಿ ಕೂತು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಂದು ಮನೆಗೆ ಹೋಗುವಾಗ ತಿರುಗಿ ನೋಡಿದರೆ ಐಸಿಯು ಮದುವೆ ಛತ್ರದಂತೆ ಹೊಳೆಯುತ್ತಿತ್ತು.

ಆರಾಧ್ಯರು ಬಂದರು. ಐವತ್ತು ದಾಟಿದ, ತೆಳ್ಳಗಿನ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಗುರುತು ಹಾಕಿದ ಕೋಲು ಹಿಡಿದು ಒಳಗೆ ಬಂದರು. ನೆಲ ನೋಡಿ ನಿಂತರು.

“ತುಂಬಾ ಚೊಕ್ಕಟವಾಗಿದೆ,” ಎಂದರು.

“ಥ್ಯಾಂಕ್ಸ್ ಸಾರ್,” ಎಂದಳು ಪ್ರಿಸಿಲ್ಲಾ. ನಮ್ಮಲ್ಲಿ ಎಲ್ಲರಿಗಿಂತ ಕುಳ್ಳಗಿರುವವಳು ಅವಳು, ಎಲ್ಲರಿಗಿಂತ ಮಾತೂ ಜಾಸ್ತಿ. “ಕಾಫಿ ತರಿಸ್ಲಾ ಸಾರ್?”

ಅವರು ಕಾಫಿ ಬೇಡವೆಂದು ಕೋಲು ಊರಿದರು. ಮೊದಲನೇ ಹಾಸಿಗೆ, ಅರ್ಧ ಬೆರಳು. ಎರಡನೆಯದು, ಏನೂ ಇಲ್ಲ. ಮೂರನೆಯದು, ಏನೂ ಇಲ್ಲ. ನಾಲ್ಕನೆಯದು, ಏನೂ ಇಲ್ಲ. ಅವರು ಗಟ್ಟಿಯಾಗಿ ಓದಿ ಹೇಳುತ್ತಿದ್ದಂತೆ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

“ನಿನ್ನೆ ತುಂಬ್ಸಿದ್ದು ಸಾರ್,” ಎಂದೆ.

“ಯಾಕೆ ತುಂಬ್ಸಿದ್ರಿ?”

“ನೀವು ಬರ್ತೀರಲ್ಲ ಅಂತ.”

ಆರಾಧ್ಯರು ಕೋಲನ್ನು ಗೋಡೆಗೆ ಒರಗಿಸಿದರು. “ನಾನ್ ಬರೋದು ಅಳೆಯೋಕಮ್ಮ. ಬೀಗರೂಟಕ್ಕಲ್ಲ.”

“ಬಾಗಿಲ ಹತ್ರ ಅಳೀರಿ ಸಾರ್,” ಎಂದಳು ಹಸೀನಾ. ರೋಗಿಗಳ ಮನೆಯವರಿಗೆ ನಾನು ವಿಷಯ ಹೇಳುವುದು ಬಾಗಿಲ ಬಳಿ ನಿಂತು. ಅಲ್ಲಿ ತುಂಬಿಸಲು ಮರೆತಿದ್ದೆವು, ಮೂರು ಬೆರಳಿನಷ್ಟು ತಗ್ಗಿತ್ತು.

“ಬಾಗಿಲಲ್ಲಿರೋದು ಓಡಾಟದ ಸವೆತ. ಲೆಕ್ಕಕ್ಕಿಲ್ಲ,” ಎಂದರು ಆರಾಧ್ಯರು. ಆಮೇಲೆ ನನ್ನ ಕಡೆ ತಿರುಗಿ ಸ್ವಲ್ಪ ಮೆತ್ತಗೆ ಹೇಳಿದರು: “ಸಿಸ್ಟರ್, ನೀವು ಹೇಳೋದು ನಿಜ ಇರ್ಬೋದು. ಆದ್ರೆ ಕೋಲು ಹೇಳಿದ್ದು ಬಿಟ್ಟು ಬೇರೆ ಬರೆದ್ರೆ ನಾಳೆ ಪ್ರತಿ ಆಫೀಸಿನೋರೂ ಬಂದು, ನಮ್ದೂ ನಿನ್ನೆ ತುಂಬ್ಸಿದ್ದು ಅಂತಾರೆ. ಮೂರು ತಿಂಗಳಿಗೆ ಮತ್ತೆ ಬರ್ತೀನಿ. ಆಗ ಒಂದು ಹಿಡಿ ಮರಳೂ ಹಾಕ್ಬೇಡಿ.”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ವಾರದೊಳಗೆ ಹಸೀನಾಳನ್ನು ಹೊರರೋಗಿ ವಿಭಾಗದ ಚೀಟಿ ಬರೆಯುವ ಕೌಂಟರಿಗೆ ಹಾಕಿದರು. ಹೋಗುವ ದಿನ ಅವಳು ನಾಲ್ಕೂ ಹಾಸಿಗೆಯವರಿಗೆ ಹೇಳಿಹೋದಳು. ಚಿಕ್ಕತಾಯಮ್ಮನವರು ಅವಳ ಕೈ ಬಿಡಲಿಲ್ಲ. ಅವರ ಗಂಟಲಿಗೆ ಟ್ಯೂಬು ಹಾಕಿದ್ದರಿಂದ ಮಾತಾಡಲು ಆಗುತ್ತಿರಲಿಲ್ಲ, ಏನಿದ್ದರೂ ಕೈಸನ್ನೆ.

ಆಮೇಲೆ ನಾಲ್ಕು ಹಾಸಿಗೆಗೆ ನಾವಿಬ್ಬರು. ಮೊದಲನೆಯದರಲ್ಲಿ ಕರೆಂಟು ಹೊಡೆದ ಲೈನ್‌ಮನ್. ಎರಡನೆಯದರಲ್ಲಿ ಹೆರಿಗೆಯಾದ ಮೇಲೆ ರಕ್ತ ನಿಲ್ಲದ ಹೆಂಗಸು. ಮೂರನೆಯದರಲ್ಲಿ ಕಿಡ್ನಿ ಕೈಕೊಟ್ಟ ಬಸ್ ಕಂಡಕ್ಟರ್. ಈ ಮೂವರಲ್ಲಿ ಯಾರಾದರೊಬ್ಬರ ಮಾನಿಟರು ಯಾವಾಗಲೂ ಕೂಗುತ್ತಿರುತ್ತಿತ್ತು. ನಾಲ್ಕನೆಯವರು ಕೂಗಿಸುತ್ತಿರಲಿಲ್ಲ. ವೆಂಟಿಲೇಟರಿನಿಂದ ಆಗಲೇ ಬಿಡಿಸಿದ್ದೆವು. ಗಂಟಲಿನ ಟ್ಯೂಬಿಗೆ ಆಮ್ಲಜನಕ ಕೊಡುತ್ತಾ, ಕಫ ಕಟ್ಟಿದಾಗ ಮೆಷಿನ್ನಿನಿಂದ ಎಳೆದು ತೆಗೆಯಬೇಕಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಸ್ಥೂಲಕಾಯದವರು, ಕಾಲುಗಳಲ್ಲಿ ಇನ್ನೂ ಶಕ್ತಿಯಿರಲಿಲ್ಲ. ತಿರುಗಿಸಲು ಇಬ್ಬರು ಬೇಕು. ಕಫವನ್ನು ಒಬ್ಬಳೇ ತೆಗೆಯಬಹುದು, ಅದನ್ನು ಹೇಗೋ ತಪ್ಪಿಸದೆ ಓಡಿಬಂದು ಮಾಡುತ್ತಿದ್ದೆವು. ತಿರುಗಿಸುವುದು ಮಾತ್ರ ಹಿಂದಕ್ಕೆ ಬೀಳುತ್ತಿತ್ತು. ನಾನೂ ಪ್ರಿಸಿಲ್ಲಾಳೂ ಇಬ್ಬರೂ ಒಟ್ಟಿಗೆ ಅವರ ಪಕ್ಕ ಬಂದು ನಿಲ್ಲುವಷ್ಟರಲ್ಲಿ ಇನ್ನೊಂದು ಕಡೆ ಕೂಗು.

“ಇದೊಂದು ನೋಡ್ಕೊಂಡು ಬಂದ್ಬಿಟ್ವಿ ಅಮ್ಮ,” ಎನ್ನುತ್ತಿದ್ದೆವು.

ಅವರು ಕೈಯೆತ್ತಿ, ಹೋಗಿ ಹೋಗಿ ಎಂದು ಸನ್ನೆ ಮಾಡುತ್ತಿದ್ದರು. ನೂರು ಎಲೆಗೆ ಬಡಿಸುವಾಗ ಮನೆಯವರನ್ನು ಕೊನೆಯ ಪಂಕ್ತಿಗೆ ಉಳಿಸುವವರ ಸನ್ನೆ ಅದು.

ಈ ಸಲ ನಾವು ಮೇಸ್ತ್ರಿಯನ್ನು ಕರೆಸಲಿಲ್ಲ. ಮೂರು ಹಾಸಿಗೆಗಳ ಸುತ್ತ ನೆಲ ಇಳಿಯುತ್ತಾ ಹೋಯಿತು. ಪ್ರಿಸಿಲ್ಲಾ ಲೈನ್‌ಮನ್‌ನ ಪಕ್ಕ ನಿಂತರೆ ಹಾಸಿಗೆ ಅವಳ ಎದೆಮಟ್ಟಕ್ಕೆ ಬರುತ್ತಿತ್ತು.

“ಅಕ್ಕಾ, ಇನ್ನೊಂದು ವಾರ ಬಿಟ್ರೆ ನಂಗೆ ಏಣಿ ಹಾಕ್ಸ್ಬೇಕು.”

“ಸಹಿಸ್ಕೋ. ಅಳತೆ ಮುಗೀಲಿ.”

“ಅಳತೆ ಮುಗಿಯೋಷ್ಟರಲ್ಲಿ ನೀವು ನನ್ನನ್ನ ಮೇಲಿಂದ ಕೂಗಿ ಹುಡುಕ್ಬೇಕಾಗುತ್ತೆ.”

ಭುಜ ನೋಯುತ್ತಿತ್ತು, ಆದರೂ ಆ ತಗ್ಗುಗಳನ್ನು ನೋಡಿದರೆ ಒಂದು ರೀತಿಯ ಸಮಾಧಾನವಾಗುತ್ತಿತ್ತು. ಈ ಸಲ ಆರಾಧ್ಯರ ಕೋಲು ಇಳಿಯಲಿ, ಹಸೀನಾ ವಾಪಸು ಬರಲಿ ಎಂದು ಅಷ್ಟನ್ನೇ ಯೋಚಿಸುತ್ತಿದ್ದೆ. ಕಣ್ಣು ಆ ಮೂರರ ಮೇಲೆಯೇ ಇತ್ತು.

ನಾಲ್ಕನೆಯದನ್ನು ಮೊದಲು ಗಮನಿಸಿದವರು ಚಿಕ್ಕತಾಯಮ್ಮನವರ ತಂಗಿ ಕೆಂಪಮ್ಮಣ್ಣಿ. ದಿನಾ ಭೇಟಿಯ ಹೊತ್ತಿಗೆ ಬಂದು, ಅಕ್ಕನ ಪಾದ ನೀವಿ ಹೋಗುವ ಹೆಂಗಸು. ಒಂದು ದಿನ ಹೊರಡುವಾಗ ನಿಂತರು.

“ಸಿಸ್ಟರ್, ತಪ್ಪು ತಿಳ್ಕೋಬೇಡಿ. ನಮ್ಮಕ್ಕನ ಹತ್ರ ನೆಲ ಇಳಿದೇ ಇಲ್ವಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಪ್ರಿಸಿಲ್ಲಾ ಎರಡನೇ ಹಾಸಿಗೆಯ ತಗ್ಗಿನಿಂದ ಹೇಳಿದಳು, “ಅದನ್ನ ನಿನ್ನೆ ತುಂಬ್ಸಿದ್ವಮ್ಮ.”

ಕೆಂಪಮ್ಮಣ್ಣಿ ಬಗ್ಗಿ ಟೈಲ್ಸ್ ಸಂದಿ ನೋಡಿದರು. ಅಲ್ಲಿ ಹೊಸ ಸಿಮೆಂಟು ಇರಲಿಲ್ಲ. ಹಳೆಯದು ಕಪ್ಪಗಾಗಿತ್ತು. ಎದ್ದು ಹೋದರು. ಮಾರನೆಯ ದಿನ ಬರುವಾಗ ನಮ್ಮಿಬ್ಬರಿಗೂ ಮೊಸರನ್ನದ ಡಬ್ಬಿ ತಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ಮೊಸರನ್ನ ತಿಂದ ಎರಡು ದಿನಕ್ಕೆ, ಬೆಳಿಗ್ಗೆ ಹೊದಿಕೆ ಬದಲಿಸುವಾಗ ನನಗೆ ವಾಸನೆ ಬಂತು. ಪ್ರಿಸಿಲ್ಲಾಳನ್ನು ಕರೆದೆ. ಇಬ್ಬರೂ ಸೇರಿ ಚಿಕ್ಕತಾಯಮ್ಮನವರನ್ನು ಎಡಕ್ಕೆ ಹೊರಳಿಸಿದೆವು. ಬೆನ್ನುಮೂಳೆ ಮುಗಿಯುವ ಕಡೆ ಚರ್ಮ ಕೆಂಪಾಗಿದ್ದದ್ದು ನನಗೆ ಗೊತ್ತಿತ್ತು, ಅದಕ್ಕೆ ಮುಲಾಮು ಹಚ್ಚುತ್ತಿದ್ದೆ. ಈಗ ಅದು ಒಡೆದಿತ್ತು. ಒಳಗೆ ಹುಣ್ಣು ಇಳಿದಿತ್ತು. ಪ್ರಿಸಿಲ್ಲಾ ಅಂದು ತಮಾಷೆ ಮಾಡಲಿಲ್ಲ. ನಾನು ತೊಳೆದು, ಬಟ್ಟೆಪಟ್ಟಿ ಇಟ್ಟು ಕಟ್ಟಿದೆ. ಡಾಕ್ಟರು ಬಂದು ನೋಡಿದರು, ತಿರುಗಿಸುತ್ತಿರಿ ಎಂದು ಬರೆದುಹೋದರು.

ಆರಾಧ್ಯರು ಎರಡನೇ ಸಲ ಬಂದದ್ದು ಆಮೇಲಿನ ವಾರ, ಮಧ್ಯಾಹ್ನದ ಹೊತ್ತಿಗೆ. ಮೊದಲ ಮೂರು ಹಾಸಿಗೆಗಳನ್ನು ಅಳೆಯಲು ಅವರೇ ತಗ್ಗಿಗೆ ಇಳಿಯಬೇಕಾಯಿತು. ಒಂದು ಗೇಣು. ಗೇಣಿಗೆ ಎರಡು ಬೆರಳು ಕಡಿಮೆ. ಮತ್ತೆ ಒಂದು ಗೇಣು. ಹತ್ತಿ ಬರುವಾಗ ಪ್ರಿಸಿಲ್ಲಾ ಕೈ ನೀಡಿದಳು.

“ಈ ಸಲ ಚೆನ್ನಾಗಿ ಇಳಿದಿದೆ,” ಎಂದರು ಅವರು. ಅವರಿಗೂ ಸಂತೋಷವಾದಂತಿತ್ತು. ಆಮೇಲೆ ನಾಲ್ಕನೆಯದರ ಪಕ್ಕ ಬಂದು ಕೋಲು ಊರಿದರು. ಕೋಲು ಇಳಿಯಲಿಲ್ಲ. ಇನ್ನೊಂದು ಕಡೆ ಹೋಗಿ ಊರಿದರು. ತಲೆದಿಂಬಿನ ಬಳಿ, ಕಫ ತೆಗೆಯುವಾಗ ನಾವು ನಿಲ್ಲುವ ಜಾಗದಲ್ಲಿ, ಬೆರಳಿನ ಕಾಲುಭಾಗದಷ್ಟು. ಬೇರೆಲ್ಲೂ ಏನೂ ಇಲ್ಲ.

“ಈ ಹಾಸಿಗೆ ಖಾಲಿ ಇತ್ತಾ?”

“ಇಲ್ಲ ಸಾರ್. ಇವರೇ ಇದ್ರು. ಮೊದಲಿಂದ.”

ಅವರು ಬಾಯಲ್ಲೇ ಲೆಕ್ಕ ಹಾಕಿದರು. “ನಾಲ್ಕನ್ನೂ ಸೇರಿಸಿ ಸರಾಸರಿ ತೆಗೀಬೇಕು ಸಿಸ್ಟರ್. ಇದು ಎಲ್ಲಾನೂ ಕೆಳಗೆಳೀತಾ ಇದೆ. ಇಬ್ಬರಿಗೇ ಬಂದು ನಿಲ್ಲುತ್ತೆ.” ಕೋಲು ಒರೆಸುತ್ತಾ ಹೇಳಿದರು: “ಅದೂ ಅಲ್ದೆ, ಮೂರು ತಿಂಗಳು ನೆಲ ಇಳೀದೆ ಇದ್ದೋರನ್ನ ಐಸಿಯುನಲ್ಲಿ ಇಡೋ ಹಾಗಿಲ್ಲ. ಇವ್ರಿಗೆ ಇಲ್ಲಿ ನರ್ಸ್ ಕೆಲಸ ಬೇಕಿಲ್ಲ ಅಂತ ಅರ್ಥ. ಸಾಮಾನ್ಯ ವಾರ್ಡಿಗೆ ಕಳಿಸೋಕೆ ಬರೀಬೇಕಾಗುತ್ತೆ.”

ನಮ್ಮ ಸಾಮಾನ್ಯ ವಾರ್ಡಿನಲ್ಲಿ ನಲವತ್ತು ಜನಕ್ಕೆ ಒಬ್ಬಳು ನರ್ಸ್. ಕಫ ಎಳೆಯುವ ಮೆಷಿನ್ ಒಂದೇ ಇದೆ, ಅದು ಮಕ್ಕಳ ವಿಭಾಗದಲ್ಲಿರುತ್ತದೆ. ಚಿಕ್ಕತಾಯಮ್ಮನವರ ಟ್ಯೂಬು ಕಟ್ಟಿಕೊಂಡರೆ ಅದು ತಿಳಿಯುವಷ್ಟರಲ್ಲಿ ಮುಗಿದಿರುತ್ತದೆ. ಅವರು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಕಿವಿ ಚೆನ್ನಾಗಿ ಕೇಳಿಸುತ್ತದೆ.

“ಸಾರ್, ಕೋಲು ಆ ಕಡೆ ಇಡಿ,” ಎಂದೆ. “ಕೈ ತೊಳೆದಿದ್ದೀರಲ್ಲ? ಗ್ಲೌಸ್ ಹಾಕ್ಕೊಳಿ. ಇವ್ರ ಭುಜ ಹಿಡ್ಕೊಂಡು ನಿಮ್ಮ ಕಡೆ ಎಳ್ಕೊಳಿ.”

“ನಾನಾ?”

“ಪ್ರಿಸಿಲ್ಲಾ ಬರೋ ಹಾಗಿಲ್ಲ. ನೋಡಿ.” ಪ್ರಿಸಿಲ್ಲಾ ಆಗ ಲೈನ್‌ಮನ್‌ನ ಎದೆಯ ಸುಟ್ಟಗಾಯದ ಮೇಲೆ ಬಗ್ಗಿದ್ದಳು. ತಲೆಯೆತ್ತುವಂತಿರಲಿಲ್ಲ.

ಆರಾಧ್ಯರು ಗ್ಲೌಸನ್ನು ಎಡವಟ್ಟಾಗಿ ಹಾಕಿಕೊಂಡರು. ನಾನು ಸೊಂಟ ಹಿಡಿದು ನೂಕಿದೆ, ಅವರು ಭುಜ ಎಳೆದರು. ಭಾರಕ್ಕೆ ಅವರ ಕುತ್ತಿಗೆಯ ನರ ಉಬ್ಬಿತು. “ಬಿಡ್ಬೇಡಿ,” ಎಂದೆ. ಪಟ್ಟಿ ಬಿಚ್ಚಿದೆ. ಕುದಿಸಿ ಇಟ್ಟಿದ್ದ ಹತ್ತಿ ಸುತ್ತಿದ ಕಡ್ಡಿಯನ್ನು ಹುಣ್ಣಿನ ತಳಕ್ಕೆ ಮೆಲ್ಲಗೆ ತಾಗಿಸಿ, ಚರ್ಮದ ಮಟ್ಟಕ್ಕೆ ಬೆರಳಿಟ್ಟು ಹೊರಗೆ ತೆಗೆದೆ. ಅವರ ಕಣ್ಣ ಮುಂದೆ ಹಿಡಿದೆ.

“ಎಷ್ಟಿದೆ ಸಾರ್?”

ಅವರು ನೋಡಿದರು. ಅಳೆಯುವುದು ಅವರಿಗೆ ಅಭ್ಯಾಸ, ಉತ್ತರ ತಾನಾಗಿ ಬಂತು. “ಒಂದೂವರೆ ಬೆರಳು.” ಆಮೇಲೆ, “ಆದ್ರೆ ಇದು ನೆಲ ಅಲ್ಲ ಸಿಸ್ಟರ್.”

“ಅಲ್ಲ. ನಾವಿಬ್ಬರೂ ನಿಂತು ಇವ್ರನ್ನ ತಿರುಗಿಸಿದ್ರೆ ನೆಲ ಇಳೀತಿತ್ತು. ನಿಲ್ಲೋಕೆ ಆಗ್ಲಿಲ್ಲ. ಅದಕ್ಕೆ ಇಲ್ಲಿ ಇಳೀತು.”

ಹುಣ್ಣು ತೊಳೆದು ಕಟ್ಟಲು ಹೊತ್ತು ಹಿಡಿಯಿತು. ಅವರು ಭುಜ ಬಿಡಲಿಲ್ಲ. ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವರ ಮುಖ ಚಿಕ್ಕತಾಯಮ್ಮನವರ ಮುಖಕ್ಕೆ ಎರಡು ಗೇಣು ದೂರದಲ್ಲಿತ್ತು. ಆಕೆ ಒಂದು ಕೈ ಎತ್ತಿ, ಐದೂ ಬೆರಳು ಕೂಡಿಸಿ ಬಾಯಿಯ ಕಡೆ ತೋರಿಸಿ, ಹುಬ್ಬು ಏರಿಸಿದರು.

“ಏನು ಕೇಳ್ತಿದ್ದಾರೆ?” ಎಂದರು ಆರಾಧ್ಯರು.

“ಊಟ ಆಯ್ತಾ ಅಂತ.”

“ಆಯ್ತು ತಾಯಿ,” ಎಂದರು. ಆಗಿರಲಿಲ್ಲ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಚಿಕ್ಕತಾಯಮ್ಮನವರಿಗೂ ಗೊತ್ತಾಯಿತು, ತಲೆ ಅಲ್ಲಾಡಿಸಿದರು.

ಅವರನ್ನು ಮಗ್ಗುಲಿಗೆ ದಿಂಬು ಕೊಟ್ಟು ಮಲಗಿಸಿದ ಮೇಲೆ ಆರಾಧ್ಯರು ಗ್ಲೌಸು ಕಳಚಿ, ಎಲ್ಲಿ ಹಾಕಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತರು.

“ನಾನು ಇದಕ್ಕೆ ಸೊನ್ನೇನೇ ಬರೀಬೇಕು,” ಎಂದರು.

“ಬರೀರಿ. ಸೊನ್ನೆ ನಿಜಾನೇ.”

“ನಿಜ. ಅದೇ ಕಷ್ಟ.” ಗ್ಲೌಸನ್ನು ನಾನು ತೋರಿಸಿದ ಬುಟ್ಟಿಗೆ ಹಾಕಿದರು. “ಸೊನ್ನೇಲಿ ಎರಡು ಥರ ಇದೆ ಅಂತ ನಮ್ ನಿಯಮದಲ್ಲಿ ಇಲ್ಲ ಸಿಸ್ಟರ್. ಕೆಲಸ ಬೇಡದ ಕಡೇನೂ ಸೊನ್ನೆ, ಕೆಲಸ ಆಗದೆ ಇರೋ ಕಡೇನೂ ಸೊನ್ನೆ. ನಾನು ಹೋಗಿ ಬಾಯಲ್ಲಿ ಹೇಳಿದ್ರೆ ಸಮಿತಿಯೋರು ನಂಬಲ್ಲ. ಅವ್ರನ್ನೇ ಕರ್ಕೊಂಡ್ಬರ್ತೀನಿ. ಮತ್ತೆ ಯಾವಾಗ ಪಟ್ಟಿ ಬಿಚ್ತೀರಿ?”

“ನಾಳೆ ಬೆಳಿಗ್ಗೆ.”

ಅವರು ಕರೆತಂದರು. ಸಮಿತಿಯ ಇಬ್ಬರು ಬಂದರು. ಒಬ್ಬರು ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಹಿಡಿದು ನಿಂತರು. ಇನ್ನೊಬ್ಬರು ಹಾಸಿಗೆಯವರೆಗೆ ಬಂದು, ನೋಡಿ ಹೋದರು. ಭುಜ ಹಿಡಿದವರು ಅಂದೂ ಆರಾಧ್ಯರೇ. ಕೋಲನ್ನು ಅವರು ತಂದಿರಲಿಲ್ಲ.

ಆದೇಶ ಬರಲು ಎಂಟು ದಿನವಾಯಿತು. ಹಸೀನಾ ಐಸಿಯುಗೆ ವಾಪಸು, ತಾತ್ಕಾಲಿಕವಾಗಿ, ಮುಂದಿನ ಅಳತೆಯವರೆಗೆ. ಚಿಕ್ಕತಾಯಮ್ಮನವರು ಇಲ್ಲೇ ಇರಬಹುದು, ಅದೂ ಅಲ್ಲಿಯವರೆಗೆ. ಅಳೆಯುವ ನಿಯಮ ಬದಲಾಗಿಲ್ಲ. ಬೇರೆ ವಾರ್ಡುಗಳಲ್ಲಿ ಅದೇ ಕೋಲು, ಅದೇ ಸರಾಸರಿ. ಹೆರಿಗೆ ವಾರ್ಡಿನ ಸಿಸ್ಟರ್ ನನ್ನನ್ನು ಮೆಟ್ಟಿಲ ಬಳಿ ತಡೆದು, ‘ನಮಗೂ ಹೇಳಿಕೊಡಿ, ಅವರಿಗೆ ಏನು ತೋರಿಸಿದ್ರಿ’ ಎಂದು ಕೇಳಿದರು. ಏನು ಹೇಳಲಿ? ಹೇಳಿದೆ. ಅವರು ಮೆಟ್ಟಿಲು ಹತ್ತಿಹೋದರು. ಒಂದೂವರೆ ಬೆರಳಿನ ಹುಣ್ಣು ಮಾಯಲು ತಿಂಗಳುಗಳು ಬೇಕು. ಮೇಸ್ತ್ರಿಯನ್ನು ಕರೆಸಿ ತುಂಬಿಸುವ ಹಾಗಿಲ್ಲ, ಅದು ತಳದಿಂದಲೇ ತುಂಬಿಕೊಳ್ಳುತ್ತಾ ಬರಬೇಕು.

ಹಸೀನಾ ಬಂದ ದಿನ ಬೆಳಿಗ್ಗೆಯಿಂದ ಒಂದು ಸಲವೂ ತಪ್ಪಿಸದೆ ಚಿಕ್ಕತಾಯಮ್ಮನವರನ್ನು ತಿರುಗಿಸಿದೆವು. ಪಾಳಿ ಮುಗಿಯುವ ಹೊತ್ತಿಗೆ ನಾನೂ ಅವಳೂ ಹಾಸಿಗೆಯ ಎರಡು ಕಡೆ ನಿಂತು ಬಗ್ಗಿದಾಗ ಕೆಳಗೆ ಟಕ್ ಎಂದು ಸದ್ದಾಯಿತು. ಟೈಲ್ಸ್ ಒಂದು ಕೂದಲೆಳೆಯಷ್ಟು ಕೆಳಗೆ ಕೂತ ಸದ್ದು. ಇಬ್ಬರೂ ಹಾಗೇ ನಿಂತೆವು. ಚಿಕ್ಕತಾಯಮ್ಮನವರಿಗೂ ಅದು ಕೇಳಿಸಿತು. ಒಲೆಯ ಮುಂದೆ ನಿಂತು ಆ ಸದ್ದನ್ನು ಅವರು ಎಷ್ಟು ಸಲ ಕೇಳಿದ್ದಾರೋ. ಅವರು ಕಣ್ಣು ಮುಚ್ಚಿಕೊಂಡರು.

“ಇಳೀತು ಅಕ್ಕ,” ಎಂದಳು ಹಸೀನಾ.

“ಇಳೀಲಿ,” ಎಂದೆ. “ಕಾಲು ಹಿಡ್ಕೋ. ಬಲಕ್ಕೆ ತಿರುಗಿಸೋಣ.”